ಬಿಲ್ ಬುಕ್ಕೋ, ಬಿಲ್ಲಿಂಗ್ ಮಷೀನೋ, ಕಂಪ್ಯೂಟರೋ?

ಹೊಸ ಕಿರಾಣಿ ಅಂಗಡಿಗೆ ಯಾವುದು ಸರಿ ಅಂತ ಕೇಳಿದ್ದೀರಿ. ಖರ್ಚು ನೋಡಿದರೆ ಕಾರ್ಬನ್ ಹಾಳೆಯ ಬಿಲ್ ಬುಕ್ಕೇ ಅಗ್ಗ. ಆದರೆ ಸಂಜೆಯ ರಶ್ಶಿನಲ್ಲಿ ಬರೆದು, ಕೂಡಿಸಿ, ಹರಿದು ಕೊಡುವಷ್ಟರಲ್ಲಿ ಗಿರಾಕಿಗಳು ಗಡಿಯಾರ ನೋಡುತ್ತಾರೆ. ರಾತ್ರಿ ಗಲ್ಲಾಪೆಟ್ಟಿಗೆಯ ಲೆಕ್ಕ ಬೇರೆ.

ಬಿಲ್ಲಿಂಗ್ ಮಷೀನ್ ತಾನೇ ಕೂಡಿಸಿ, ದಿನದ ಮೊತ್ತವನ್ನೂ ಕೊಡುತ್ತದೆ. ಬ್ಯಾಟರಿ ಇರುವುದನ್ನೇ ಕೊಳ್ಳಿ. ಇಂಕ್ ಬೇಡ, ಶಾಖಕ್ಕೆ ಕಪ್ಪಾಗುವ ಕಾಗದ ಅದು. ತೊಂದರೆಯೂ ಅದರಿಂದಲೇ: ಬಿಸಿಲಿಗೆ ಬಿದ್ದ ಬಿಲ್ ಬೇಗ ಮಾಸುತ್ತದೆ. ವಾರಂಟಿ ಕೊಡುವ ಮಿಕ್ಸಿ ಅಂಗಡಿಗೆ ತಲೆನೋವು, ಅಲ್ವಾ? ಬೇಳೆ, ಬೆಲ್ಲ ತೂಗುವವರಿಗೆ ಚಿಂತೆಯಿಲ್ಲ.

ಕಂಪ್ಯೂಟರ್, ಸ್ಕ್ಯಾನರ್ ದುಬಾರಿ. ಬಾರ್‌ಕೋಡ್ ಇರುವ ಐಟಂ ಜಾಸ್ತಿಯಿದ್ದು, ಕೌಂಟರಿನಲ್ಲಿ ಕೆಲಸದವರು ಕೂರುವುದಾದರೆ ಅದೇ ವಾಸಿ. ದಿನಕ್ಕೆ ಹತ್ತಿಪ್ಪತ್ತು ಬಿಲ್ ಅಷ್ಟೇನಾ? ಸುಮ್ನೆ ಪುಸ್ತಕ ಇಟ್ಟುಕೊಳ್ಳಿ. ಜಿಎಸ್‌ಟಿ ಇದ್ದರೂ, 200 ರೂಪಾಯಿಗಿಂತ ಕಡಿಮೆ ವ್ಯಾಪಾರಕ್ಕೆ ಸಾಮಾನ್ಯ ಗಿರಾಕಿ ಕೇಳದಿದ್ದರೆ ಬೇರೆ ಬೇರೆ ಬಿಲ್ ಬೇಕಿಲ್ಲ. ದಿನದ ಕೊನೆಗೆ ಎಲ್ಲ ಸೇರಿಸಿ ಒಂದು ಬರೆದರಾಯಿತು.