ಪೈಥಾನಿಂದ ಸಿ ಲೈಬ್ರರಿ ಕರೆದು ಸೆಗ್‌ಫಾಲ್ಟ್ ಆಗ್ತಿದ್ರೆ ಜಿಡಿಬಿ ಹಾಕಿ ನೋಡಿ (5ಕ್ಕೆ 4 ಸ್ಟಾರ್)

ಮೂರು ದಿನ ಪ್ರಿಂಟ್ ಹಾಕ್ಕೊಂಡು ಕೂತಿದ್ದೆ ಕಣ್ರೀ, ಜಿಡಿಬಿ (ಓಡ್ತಿರೋ ಪ್ರೋಗ್ರಾಮನ್ನ ನಿಲ್ಲಿಸಿ ಒಳಗೆ ನೋಡೋ ಡೀಬಗರ್) ಓಪನ್ ಮಾಡಿದ ಮೇಲೆ ತಪ್ಪು ಅರ್ಧ ಗಂಟೇಲಿ ಸಿಕ್ತು. ಒಂದು ಸೆನ್ಸರ್ ಬೋರ್ಡ್ ಜೊತೆ ಬಂದ ಡಾಟ್ ಎಸ್‌ಓ ಫೈಲನ್ನ (ಕಂಪೈಲ್ ಆದ ಸಿ ಲೈಬ್ರರಿ) ಪೈಥಾನಿಂದ ಸಿಟೈಪ್ಸ್‌ನಲ್ಲಿ (ಸಿ ಫಂಕ್ಷನ್ ಕರೆಯೋ ಪೈಥಾನ್ ಮಾಡ್ಯೂಲ್) ಕರೀತಿದ್ದೆ, ಸೋರ್ಸ್ ಇಲ್ಲ, ಬರೀ ಹೆಡರ್ ಫೈಲು. ಸುಮ್ನೆ ಸ್ಕ್ರಿಪ್ಟ್ ಓಡಿಸಿದ್ರೆ ಚೆನ್ನಾಗೇ ಓಡುತ್ತೆ, ಅದೇ ಕೋಡನ್ನ ಥ್ರೆಡ್ ಒಳಗೆ ಹಾಕಿದ ತಕ್ಷಣ ಸೆಗ್‌ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿ ಪ್ರೋಗ್ರಾಮ್ ಸಾಯೋದು), ಟ್ರೇಸ್‌ಬ್ಯಾಕೂ ಇಲ್ಲ ಮಣ್ಣೂ ಇಲ್ಲ.

ಮೊದ್ಲು ಫಾಲ್ಟ್‌ಹ್ಯಾಂಡ್ಲರ್ ಆನ್ ಮಾಡ್ದೆ, ಪೈಥಾನ್ 3.3 ಇಂದ ಜೊತೆಗೇ ಬರುತ್ತೆ. ಯಾವ ಪೈಥಾನ್ ಲೈನಲ್ಲಿ ಸತ್ತಿದೆ ಅಂತ ಹೇಳ್ತು, ಅಷ್ಟೇ.

ಜಿಡಿಬಿ ಒಳಗೆ ಪೈಥಾನನ್ನೇ ಓಡಿಸ್ಬೇಕು. ಲೈಬ್ರರಿಯ ಓಪನ್ ಫಂಕ್ಷನ್ ಮೇಲೆ ಬ್ರೇಕ್‌ಪಾಯಿಂಟ್ (ಅಲ್ಲಿಗೆ ಬಂದಾಗ ನಿಲ್ಲಿಸೋ ಗುರುತು) ಇಡೋಕೆ ಹೋದ್ರೆ ಅಂಥ ಫಂಕ್ಷನ್ನೇ ಇಲ್ಲ, ಮುಂದೆ ಲೈಬ್ರರಿ ಲೋಡ್ ಆದಾಗ ಇಡ್ಲಾ ಅಂತ ಕೇಳುತ್ತೆ, ಗಾಬರಿ ಬೇಡ, ವೈ ಒತ್ತಿ. ಅಲ್ಲಿ ನಿಂತ ಮೇಲೆ ಫಿನಿಶ್ ಕೊಟ್ಟು (ಫಂಕ್ಷನ್ ಮುಗಿಯೋವರೆಗೂ ಓಡ್ಸುತ್ತೆ) ಆರ್‌ಎಎಕ್ಸ್ ರಿಜಿಸ್ಟರ್ ನೋಡ್ದೆ, ಫಂಕ್ಷನ್ ವಾಪಸ್ ಕೊಟ್ಟ ಹ್ಯಾಂಡಲ್ ಅಲ್ಲೇ ಇರುತ್ತೆ, ಹೆಕ್ಸ್‌ನಲ್ಲಿ 12 ಅಂಕಿಯ ಅಡ್ರೆಸ್ಸು, ಸರಿಯಾಗೇ ಇದೆ. ಮುಂದಿನ ರೀಡ್ ಕಾಲ್‌ನಲ್ಲಿ ಅದೇ ಹ್ಯಾಂಡಲ್ ಆರ್‌ಡಿಐನಲ್ಲಿ (ಮೊದಲ ಆರ್ಗ್ಯುಮೆಂಟ್ ಹೋಗೋ ರಿಜಿಸ್ಟರ್) ಬರ್ಬೇಕು, ನೋಡಿದ್ರೆ ಕೊನೇ 8 ಅಂಕಿ ಮಾತ್ರ ಇದೆ, ಮುಂದಿನ 4 ಮಾಯ!

ತಪ್ಪು ನಂದೇ. ರೆಸ್‌ಟೈಪ್ (ಫಂಕ್ಷನ್ ವಾಪಸ್ ಕೊಡೋದು ಯಾವ ಟೈಪ್ ಅಂತ) ಹೇಳದಿದ್ರೆ ಸಿಟೈಪ್ಸ್ ಎಲ್ಲಾ ಫಂಕ್ಷನ್ನೂ ಇಂಟ್ ಕೊಡುತ್ತೆ ಅಂದ್ಕೊಳ್ಳುತ್ತೆ, 64 ಬಿಟ್ ಪಾಯಿಂಟರನ್ನ (ಮೆಮೊರಿ ಅಡ್ರೆಸ್) ಸದ್ದಿಲ್ದೆ 32ಕ್ಕೆ ಕತ್ತರಿಸುತ್ತೆ. ಥ್ರೆಡ್ ಇಲ್ದಿದ್ರೆ ಯಾಕೆ ಓಡ್ತಿತ್ತು ಅಂದ್ರೆ, ನನ್ನ ಪೈಥಾನ್ ಬಿಲ್ಡ್‌ನಲ್ಲಿ ಮೇನ್ ಥ್ರೆಡ್‌ನ ಹೀಪ್ (ಓಡುವಾಗ ಕೇಳಿ ಪಡೆಯೋ ಮೆಮೊರಿ) ಕೆಳಗಿನ ಅಡ್ರೆಸ್‌ನಲ್ಲೇ ಇತ್ತು, ಕತ್ತರಿಸಿದ್ರೂ ಏನೂ ಹೋಗ್ತಿರ್ಲಿಲ್ಲ, ಬೇರೆ ಥ್ರೆಡ್‌ಗೆ ಮ್ಯಾಲಾಕ್ (ಆ ಮೆಮೊರಿ ಹಂಚೋ ಸಿ ಫಂಕ್ಷನ್) ಎಲ್ಲೋ ಮೇಲ್ಗಡೆ ಬೇರೆ ಜಾಗ ಕೊಡುತ್ತೆ. ಇದನ್ನ ಪ್ರಿಂಟ್ ಹಾಕಿ ಹಿಡಿಯೋಕೆ ಈ ಜನ್ಮದಲ್ಲಿ ಆಗ್ತಿರ್ಲಿಲ್ಲ.

ರೆಸ್‌ಟೈಪನ್ನ ವಾಯ್ಡ್ ಪಾಯಿಂಟರ್ ಮಾಡ್ದೆ, ಮತ್ತೆ ಕ್ರ್ಯಾಶ್! ಯಾಕಂದ್ರೆ ವಾಪಸ್ ಬರೋದು ಮಾಮೂಲಿ ಪೈಥಾನ್ ನಂಬರ್, ರೀಡ್‌ಗೆ ಆರ್ಗ್‌ಟೈಪ್ಸ್ (ಆರ್ಗ್ಯುಮೆಂಟ್‌ಗಳ ಟೈಪ್) ಕೊಡದಿದ್ರೆ ಹೋಗುವಾಗ ಇನ್ನೊಂದ್ಸಲ ಇಂಟ್ ಆಗುತ್ತೆ. ಎರಡೂ ಕೊಟ್ಟ ಮೇಲೆ ಸರಿಹೋಯ್ತು.

ಒಂದು ಸ್ಟಾರ್ ಕಟ್ ಮಾಡಿದ್ದು ಬ್ಯಾಕ್‌ಟ್ರೇಸ್‌ಗೆ (ಯಾವ ಫಂಕ್ಷನ್ ಯಾವುದನ್ನ ಕರೀತು ಅನ್ನೋ ಪಟ್ಟಿ). ನಮ್ಮ ಪೈಥಾನ್ ಫಂಕ್ಷನ್ ಹೆಸರು ಒಂದೂ ಕಾಣಲ್ಲ, ಲಿಬ್‌ಎಫ್‌ಎಫ್‌ಐ (ಸಿಟೈಪ್ಸ್ ಒಳಗೆ ಬಳಸೋ ಲೈಬ್ರರಿ) ಮತ್ತೆ ಇಂಟರ್‌ಪ್ರಿಟರ್ ಒಳಗಿನ ಫ್ರೇಮುಗಳೇ ಸಾಲಾಗಿ ಬರುತ್ತೆ. ಪೈಥಾನ್ ಫಂಕ್ಷನ್‌ಗಳನ್ನ ತೋರಿಸೋಕೆ ಪೈ-ಬಿಟಿ ಅಂತ ಕಮಾಂಡ್ ಇದೆ, ಅದು ಕೆಲಸ ಮಾಡೋಕೆ ನಾನು ಪೈಥಾನಿನ ಡೀಬಗ್ ಪ್ಯಾಕೇಜ್ ಬೇರೆ ಹಾಕ್ಕೊಳ್ಬೇಕಾಯ್ತು.