ಎರಡು ವರ್ಷ ಬೆಳೆಸಿ ನೋಡಿದ್ಮೇಲೆ ಬರೀತಿರೋ ಬೆಲ್‌ಫ್ಲವರ್ ಬೀಜದ ರಿವ್ಯೂ

ಈ ಬೀಜ ತರಿಸಿ ಎರಡು ವರ್ಷ ಆಯ್ತು, ರಿವ್ಯೂ ಈಗ ಬರೀತಿದೀನಿ. ಮೊದಲನೇ ತಿಂಗಳಲ್ಲೇ ಬರೆದಿದ್ರೆ ಹಳೇ ಬೀಜ ಕಳಿಸಿದಾರೆ ಅಂತ ಒಂದು ಸ್ಟಾರ್ ಕೊಟ್ಟು ಬಿಟ್ಬಿಡ್ತಿದ್ದೆ, ಅದು ಅನ್ಯಾಯ ಆಗ್ತಿತ್ತು. ಬೀಜ ಚೆನ್ನಾಗಿದೆ. ಪ್ಯಾಕೆಟ್ ಹಿಂದೆ ಪ್ರಿಂಟ್ ಮಾಡಿರೋ ಸೂಚನೆ ಮಾತ್ರ ಪೂರ್ತಿ ತಪ್ಪು, ಅದನ್ನ ನಂಬಿದ್ರೆ ಒಂದು ಗಿಡಾನೂ ಬರಲ್ಲ.

ಬೆಲ್‌ಫ್ಲವರ್‌ನ ಸಸ್ಯಶಾಸ್ತ್ರದ ಹೆಸರು ಕಂಪಾನುಲಾ. ಪ್ಯಾಕಲ್ಲಿ ಅದರ ಮೂರು ಜಾತಿಯ ಮೂರು ಪೊಟ್ಟಣ ಇರತ್ತೆ, ಕಂಪಾನುಲಾ ಕಾರ್ಪಾಟಿಕಾ, ಕಂಪಾನುಲಾ ಪರ್ಸಿಸಿಫೋಲಿಯಾ, ಕಂಪಾನುಲಾ ಮೀಡಿಯಂ. ಕಂಪಾನಾ ಅಂದ್ರೆ ಲ್ಯಾಟಿನ್‌ನಲ್ಲಿ ಗಂಟೆ, ಹೂ ನೋಡಿದ್ರೆ ಹೆಸರು ಯಾಕೆ ಬಂತು ಅಂತ ಕೇಳೋದೇ ಬೇಡ. ಪೊಟ್ಟಣ ಒಡೆದಾಗ ಒಳಗೆ ಏನೂ ಇಲ್ವೇನೋ ಅನ್ಸತ್ತೆ, ಬಿಳಿ ಹಾಳೆ ಮೇಲೆ ತಟ್ಟಿದ್ರೆ ನಶ್ಯದ ಪುಡಿ ಥರ ಕಂದು ಬಣ್ಣದ್ದು ಒಂದು ಚಿಟಿಕೆ ಬೀಳತ್ತೆ, ಅದೇ ಬೀಜ. ಉಸಿರು ಜೋರಾಗಿ ಬಿಟ್ರೂ ಹಾರಿ ಹೋಗತ್ತೆ. ಇಂಥ ಬೀಜಾನ ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತಿ ಮಣ್ಣು ಮುಚ್ಚಿ ಅಂತ ಬರೆದಿದಾರೆ! ನಾನು ಹಾಗೇ ಮಾಡ್ದೆ. ಐದು ವಾರ ಕಾದೆ, ಟ್ರೇ ಖಾಲಿ.

ಆಮೇಲೆ ಗೊತ್ತಾಯ್ತು, ಈ ಜಾತಿ ಬೀಜಕ್ಕೆ ಮೊಳಕೆ ಬರೋಕೆ ಬೆಳಕು ಬೇಕು. ಮಣ್ಣಿನಡಿ ಹೋದ್ರೆ ಬೆಳಕೂ ಇಲ್ಲ, ಮೇಲೆ ಬರೋವಷ್ಟು ಶಕ್ತೀನೂ ಅದರ ಹೊಟ್ಟೇಲಿ ಇರಲ್ಲ. ಪುಣ್ಯಕ್ಕೆ ಪ್ರತಿ ಪೊಟ್ಟಣದಲ್ಲೂ ಅರ್ಧ ಉಳಿಸಿಟ್ಟಿದ್ದೆ. ಎರಡನೇ ಸಲ ಮಾಡಿದ್ದು ಹೀಗೆ. ಕೊಕೊಪೀಟ್‌ಗೆ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಬೆರೆಸಿ ಟ್ರೇ ತುಂಬಿ, ಮೊದಲೇ ಚೆನ್ನಾಗಿ ನೆನೆಸಿ, ಬೀಜಾನ ಒಂದು ಚಮಚ ಒಣ ಮರಳಿಗೆ ಕಲಸಿ ಮೇಲೆ ಉದುರಿಸಿ, ಒಂದು ಸಣ್ಣ ಹಲಗೆ ತುಂಡಿಂದ ಮೆಲ್ಲಗೆ ಒತ್ತಿದೆ ಅಷ್ಟೇ, ಮೇಲೆ ಮಣ್ಣು ಮುಚ್ಚಲೇ ಇಲ್ಲ. ಮರಳು ಯಾಕೆ ಅಂದ್ರೆ ಬೀಜ ಒಂದೇ ಕಡೆ ಗುಂಪಾಗಿ ಬೀಳಲ್ಲ, ಎಲ್ಲಿ ಬಿತ್ತು ಅನ್ನೋದೂ ಕಣ್ಣಿಗೆ ಕಾಣತ್ತೆ. ಮೇಲೆ ಪಾರದರ್ಶಕ ಮುಚ್ಚಳ, ಕಿಟಕಿ ಹತ್ರ ನೇರ ಬಿಸಿಲಿಲ್ಲದ ಜಾಗ, 18ರಿಂದ 20 ಡಿಗ್ರಿ. ನೀರು ಮೇಲಿಂದ ಹಾಕ್ಲೇಬೇಡಿ, ಬೀಜ ಎಲ್ಲಾ ಕೊಚ್ಚಿ ಮೂಲೆಗೆ ಸೇರ್ಕೊಳತ್ತೆ, ಟ್ರೇನ ನೀರಿರೋ ತಟ್ಟೇಲಿ ಇಟ್ರೆ ತಳದಿಂದ ತಾನೇ ಎಳ್ಕೊಳತ್ತೆ. 16ನೇ ದಿನ ಬೆಳಿಗ್ಗೆ ಮರಳಿನ ಮೇಲೆ ಪಾಚಿ ಥರ ಹಸಿರು ಕಾಣಿಸ್ತು, ಹತ್ರ ಬಗ್ಗಿ ನೋಡಿದ್ರೆ ಗುಂಡುಸೂಜಿ ತಲೆಗಿಂತ ಸಣ್ಣ ಎರಡೆರಡು ಎಲೆ. ಆ ಖುಷಿ ಹೇಳೋಕಾಗಲ್ಲ.

ಮೊಳಕೆ ಬಂದ ತಕ್ಷಣ ಮುಚ್ಚಳ ದಿನಾ ಸ್ವಲ್ಪ ಸ್ವಲ್ಪ ತೆಗೀತಾ ಬನ್ನಿ, ಇಲ್ಲಾಂದ್ರೆ ಬುಡ ಕೊಳೆತು ರಾತ್ರೋರಾತ್ರಿ ಮಲಗಿಬಿಡತ್ತೆ, ನಂದು ಒಂದು ಮೂಲೆ ಹಾಗೇ ಹೋಯ್ತು. ಸಸಿ ಬೆಳೆಯೋದು ತುಂಬಾ ನಿಧಾನ. ಒಂದೊಂದಾಗಿ ಕೀಳೋಕೆ ಹೋಗ್ಬೇಡಿ, ಅಷ್ಟು ಸಣ್ಣದು, ಮೂರ್ನಾಲ್ಕು ಸೇರಿಸಿ ಪುಟ್ಟ ಗುಂಪಾಗೇ ಕುಂಡಕ್ಕೆ ಇಟ್ರೂ ಚೆನ್ನಾಗಿ ಬರತ್ತೆ.

ಮೊದಲನೇ ವರ್ಷ ಹೂ ಬರಲ್ಲ. ಇದನ್ನ ಪ್ಯಾಕೆಟ್ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕ್ಬೇಕಿತ್ತು, ಯಾಕಂದ್ರೆ ನೆಲಕ್ಕೆ ಅಂಟಿರೋ ಎಲೆ ಚಕ್ರಾನೇ ಇಡೀ ವರ್ಷ ನೋಡ್ತಾ ಕೂತ್ರೆ ಯಾರಿಗಾದ್ರೂ ಕಿತ್ತು ಬಿಸಾಕೋಣ ಅನ್ಸತ್ತೆ. ಚಳಿಗೆ ಹೆದರೋ ಗಿಡ ಅಲ್ಲ ಇದು, ಕಾರ್ಪಾಟಿಕಾ ಯುರೋಪಿನ ಕಾರ್ಪೇಥಿಯನ್ ಬೆಟ್ಟಗಳದ್ದು, ಮೈನಸ್ 30 ಡಿಗ್ರೀನೂ ತಡಕೊಳತ್ತೆ. ಮೇಲಿನ ಎಲೆ ಎಲ್ಲಾ ಒಣಗಿ ಮಾಯ ಆದಾಗ ಸತ್ತೋಯ್ತು ಅಂದ್ಕೋಬೇಡಿ, ಬೇರು ಕೆಳಗೆ ಇರತ್ತೆ. ಚಳೀಲಿ ಗಿಡ ಹೋಗೋದು ಹೆಚ್ಚಾಗಿ ಬುಡದಲ್ಲಿ ನೀರು ನಿಂತು. ಆಮೇಲೆ ಚಿಗುರು ಬರೋವಾಗ ಸಿಂಬಳದ ಹುಳದ ಕಾಟ, ರಾತ್ರಿ ಟಾರ್ಚ್ ಹಿಡ್ಕೊಂಡು ಹೋಗಿ ಆರಿಸಿ ತೆಗೀಬೇಕು.

ಎರಡನೇ ವರ್ಷ ಹೂ ಬಂತು ನೋಡಿ! ಕಾರ್ಪಾಟಿಕಾ ಒಂದು ಗೇಣು ಎತ್ತರ, ಎಲೆ ಕಾಣದಷ್ಟು ನೀಲಿ ಬಟ್ಟಲು. ಪರ್ಸಿಸಿಫೋಲಿಯಾ ಸುಮಾರು 80 ಸೆಂಟಿಮೀಟರ್, ಸಪೂರ ಕಡ್ಡಿ ತುಂಬ ಅಗಲ ಬಾಯಿನ ಗಂಟೆಗಳು, ಕಡ್ಡಿ ಕತ್ತರಿಸಿದ್ರೆ ಬಿಳಿ ಹಾಲು ಜಿನುಗತ್ತೆ. ನಾನು ಭೂತಗನ್ನಡಿ ಇಟ್ಕೊಂಡು ಒಂದೇ ಹೂವನ್ನ ನಾಲ್ಕು ದಿನ ನೋಡಿದೀನಿ. ಮೊಗ್ಗು ಒಡೆಯೋಕೆ ಮುಂಚೇನೇ ಕೇಸರಗಳು ಪರಾಗಾನೆಲ್ಲಾ ನಡುವಿನ ಕಡ್ಡಿಯ ರೋಮಕ್ಕೆ ಮೆತ್ತಿ ಆಗಿರತ್ತೆ, ಹೂ ಅರಳಿದಾಗ ಕೇಸರ ಒಣಗಿ ತಳದಲ್ಲಿ ಸುರುಟಿ ಬಿದ್ದಿರತ್ತೆ. ಜೇನು ಬಂದು ಆ ಪರಾಗ ಒರೆಸ್ಕೊಂಡು ಹೋದ್ಮೇಲೆ, ಅದೇ ಕಡ್ಡಿ ತುದಿ ಮೂರು ಸೀಳಾಗಿ ಬಿಚ್ಕೊಂಡು ಹಿಂದಕ್ಕೆ ಸುರುಳಿ ಆಗತ್ತೆ, ಈಗ ಅದು ಬೇರೆ ಹೂವಿನ ಪರಾಗ ತಗೊಳೋಕೆ ರೆಡಿ. ಒಂದು ಸಂಜೆ ಅದೇ ಗಂಟೆ ಒಳಗೆ ಒಂದು ಪುಟ್ಟ ಕಪ್ಪು ಜೇನು ಮುದುಡಿಕೊಂಡು ನಿದ್ದೆ ಮಾಡ್ತಿತ್ತು. ಬಾಡಿದ ಹೂ ಚಿವುಟ್ತಾ ಇದ್ದಿದ್ದಕ್ಕೆ ಎರಡನೇ ಸುತ್ತೂ ಬಂತು, ಮೊದಲಿನಷ್ಟು ತುಂಬಿ ಬರಲಿಲ್ಲ ಅಷ್ಟೇ.

ಮೂರನೇದರ ಬಗ್ಗೆ ನಂಗೆ ನಿಜವಾಗ್ಲೂ ಬೇಜಾರಿದೆ. ಮೀಡಿಯಂ ಹೂ ಎಲ್ಲಕ್ಕಿಂತ ದೊಡ್ಡದು, ಸುಂದರ, ಆದ್ರೆ ಅದು ದ್ವೈವಾರ್ಷಿಕ, ಹೂ ಬಿಟ್ಟು ಬೀಜ ಕಟ್ಟಿ ಸತ್ತೋಗತ್ತೆ. ಅದನ್ನ ‘ಬಹುವಾರ್ಷಿಕ’ ಅಂತ ಲೇಬಲ್ ಹಾಕಿ ಈ ಪ್ಯಾಕಲ್ಲಿ ಸೇರಿಸಿದ್ದು ತಪ್ಪು. ಗೊತ್ತಿಲ್ಲದವರು ತಮ್ಮ ಆರೈಕೇಲೇ ಏನೋ ಕೊರತೆ ಆಯ್ತು ಅಂತ ಕೊರಗ್ತಾರೆ. ಕಂಪನಿಗೆ ಎರಡು ಸಲ ಮೇಲ್ ಹಾಕಿದೀನಿ, ಉತ್ತರ ಇಲ್ಲ. ಇನ್ನೊಂದು ಮಾತು, ಬೇರೆ ಎಲ್ಲಾದ್ರೂ ಬೀಜ ತಗೊಳೋವಾಗ ಲೇಬಲ್ ಮೇಲೆ ರಾಪುಂಕುಲಾಯ್ಡಿಸ್ ಅಂತ ಇದ್ರೆ ಬಿಟ್ಬಿಡಿ, ಅದೂ ಕಂಪಾನುಲಾದ ಒಂದು ಜಾತೀನೇ, ಆದ್ರೆ ನೆಲದೊಳಗೆ ಬೇರು ಓಡಿಸಿ ಇಡೀ ಮಡಿ ನುಂಗತ್ತೆ, ಕಿತ್ತಷ್ಟೂ ಬರತ್ತೆ.

ಬೀಜಕ್ಕೆ 5ಕ್ಕೆ 4 ಸ್ಟಾರ್, ಸೂಚನೆಗೆ 1. ಇನ್ನೊಂದ್ಸಲ ಈ ಸೆಟ್ ತಗೊಳಲ್ಲ, ಬೇಕಾದೋರು ಕಾರ್ಪಾಟಿಕಾ, ಪರ್ಸಿಸಿಫೋಲಿಯಾ ಎರಡನ್ನೇ ಬಿಡಿಯಾಗಿ ತಗೊಳಿ. ನಾನು ಈ ಸಲ ನನ್ನ ಪರ್ಸಿಸಿಫೋಲಿಯಾದ್ದೇ ಕಾಯಿ ಬಿಡಿಸ್ಕೊಂಡೆ, ಕಾಯಿ ಮೇಲ್ಭಾಗದಲ್ಲಿ ಸಣ್ಣ ಸಣ್ಣ ತೂತು ಬಿಡತ್ತೆ, ಅದು ಬಿಟ್ಟ ದಿನಾನೇ ಕವರ್ ಒಳಗೆ ಬಗ್ಗಿಸಿ ಅಲ್ಲಾಡಿಸ್ಬೇಕು, ಒಂದು ದಿನ ತಡ ಆಗಿ ಜೋರು ಗಾಳಿ ಬೀಸಿದ್ರೆ ಕಾಯಿ ಖಾಲಿ.