ಅಮ್ಮನ ಹಪ್ಪಳಕ್ಕೆ ಕನ್ನಡದ ವೆಬ್ ವಿಳಾಸ: ‘.ಭಾರತ’ ಬಳಸಿ ಒಂದು ವರ್ಷ

ನಮ್ಮ ಮನೆ ಉಡುಪಿಯಿಂದ ಆಚೆ, ಹಿರಿಯಡ್ಕದ ಹತ್ತಿರ. ಅಮ್ಮ ಪ್ರತಿ ಬೇಸಿಗೆ ಹಲಸಿನ ಹಪ್ಪಳ ಮಾಡುತ್ತಾರೆ. ಬಲಿತ ಕಾಯಿಯ ಸೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಒತ್ತಿ, ಚಾಪೆಯ ಮೇಲೆ ಒಣಗಿಸುವ ಕೆಲಸ. ಮಳೆ ಹಿಡಿಯುವ ಮೊದಲು ಎಲ್ಲ ಮುಗಿಯಬೇಕು. ಮೊದಲೆಲ್ಲ ನೆಂಟರಿಗೆ ಮಾತ್ರ ಕೊಡುತ್ತಿದ್ದೆವು. ಈಗ ಮುಂಬೈ, ಬೆಂಗಳೂರಿನಿಂದಲೂ ಕೇಳುತ್ತಾರೆ. ಹಾಗಾಗಿ ಹೋದ ವರ್ಷ ಒಂದು ಸಣ್ಣ ವೆಬ್‌ಸೈಟ್ ಮಾಡಲು ಹೊರಟೆ.

ಇಂಗ್ಲಿಷ್ ವಿಳಾಸ ಒಂದನ್ನು ಬರೆದು ಅಮ್ಮನಿಗೆ ತೋರಿಸಿದೆ. ಅಮ್ಮ ಓದಿದ್ದು ಏಳನೇ ಕ್ಲಾಸು, ಊರಿನ ಕನ್ನಡ ಶಾಲೆಯಲ್ಲಿ. ‘ನನ್ನ ಹಪ್ಪಳದ ಪ್ಯಾಕೆಟ್ ಮೇಲೆ ಇರುವುದು ನನಗೇ ಓದಲು ಬರದಿದ್ದರೆ ಹೇಗೆ ಮಗಾ?’ ಎಂದು ಕೇಳಿದರು. ಆ ಮಾತು ನನಗೆ ನಾಟಿತು. ಹುಡುಕಿದಾಗ ಸಿಕ್ಕಿದ್ದು ‘.ಭಾರತ’, ಡಾಟ್ ಕಾಮ್ ಹಾಗೆ ವಿಳಾಸದ ತುದಿಯಲ್ಲಿ ಬರುವ ಹೆಸರು. ಪೂರ್ತಿ ಕನ್ನಡ ಅಕ್ಷರದ ವಿಳಾಸ. ನಡುವಿನ ಚುಕ್ಕೆ ಒಂದನ್ನು ಬಿಟ್ಟರೆ ಎಲ್ಲ ನಮ್ಮದೇ. ಒಂದು ವರ್ಷ ಬಳಸಿದ್ದೇನೆ. ನಮ್ಮ ವಿಳಾಸವನ್ನು ಇಲ್ಲಿ ಹಾಕುವುದಿಲ್ಲ, ಇದು ಹಪ್ಪಳದ ಜಾಹೀರಾತಲ್ಲ. ನನ್ನ ಹಾಗೆ ಯೋಚನೆ ಮಾಡುತ್ತಿರುವವರಿಗೆ ಸಹಾಯ ಆಗಲಿ ಎಂದು ಬರೆಯುತ್ತಿದ್ದೇನೆ.

ತೆಗೆದುಕೊಳ್ಳುವುದು ಸುಲಭ. ಹೆಸರು ಮಾರುವ ಕಂಪನಿಯ ಜಾಲತಾಣದಲ್ಲಿ ಕನ್ನಡದಲ್ಲೇ ಟೈಪ್ ಮಾಡಿದೆ, ಹೆಸರು ಖಾಲಿ ಇತ್ತು, ಹಣ ಕಟ್ಟಿದೆ. ನಾಲ್ಕು ಜನ ಹೋಟೆಲಿನಲ್ಲಿ ತಿಂಡಿ ತಿಂದಷ್ಟು ಖರ್ಚು. ಅದೇ ದಿನ ಸಂಜೆ ವಿಳಾಸ ಕೆಲಸ ಮಾಡಿತು. ಫೋನಿನಲ್ಲಿ ಅಮ್ಮನೇ ಅಕ್ಷರ ಅಕ್ಷರ ಒತ್ತಿ ತೆರೆದರು. ಅವರ ಹಪ್ಪಳದ ಫೋಟೋ ಬಂತು. ಈ ಸೇವೆಗೆ ನಾನು ಕೊಡುವ ಅಂಕದಲ್ಲಿ ಅರ್ಧ ಆ ಒಂದು ನಿಮಿಷಕ್ಕೇ.

ಒಳಗೆ ಏನಾಗುತ್ತದೆ ಎಂದು ಗೊತ್ತಿದ್ದರೆ ಮುಂದಿನ ತೊಂದರೆಗಳು ಅರ್ಥವಾಗುತ್ತವೆ. ಇಂಟರ್ನೆಟ್ಟಿನ ವಿಳಾಸ ವ್ಯವಸ್ಥೆ ಕಟ್ಟಿದಾಗ ಅದರಲ್ಲಿ ಇದ್ದದ್ದು ಇಂಗ್ಲಿಷಿನ 26 ಅಕ್ಷರ, ಅಂಕಿಗಳು, ಒಂದು ಅಡ್ಡಗೆರೆ. ಅಷ್ಟೇ. 2003ರಲ್ಲಿ ಪ್ಯೂನಿಕೋಡ್ ಎಂಬ ದಾರಿ ಬಂತು. ನಾವು ಕನ್ನಡದಲ್ಲಿ ಬರೆದದ್ದನ್ನು ಬ್ರೌಸರ್ ‘ಎಕ್ಸ್ ಎನ್’ ಮತ್ತು ಎರಡು ಅಡ್ಡಗೆರೆಯಿಂದ ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಬದಲಿಸಿ ಕಳಿಸುತ್ತದೆ. ನಮಗೆ ಕಾಣುವುದು ಕನ್ನಡ, ತಂತಿಯೊಳಗೆ ಓಡುವುದು ಬೇರೆ. ಹಾಗೆ ಬದಲಾದ ಮೇಲೆ ಹೆಸರಿನ ಒಂದೊಂದು ತುಂಡು 63 ಅಕ್ಷರ ದಾಟುವ ಹಾಗಿಲ್ಲ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಬೇರೆ ಬೇರೆ ಲೆಕ್ಕ. ಆದ್ದರಿಂದ ಹೆಸರು ಚಿಕ್ಕದಾಗಿರಲಿ.

ಈಗ ತೊಂದರೆಗಳು.

ಮೊದಲನೆಯದು ಪ್ರಿಂಟಿಂಗ್ ಅಂಗಡಿಯಲ್ಲಿ ಆಯಿತು. ಸ್ಟಿಕ್ಕರ್ ಮಾಡುವ ಹುಡುಗ ‘ಇದು ವೆಬ್‌ಸೈಟ್ ಅಲ್ಲ ಅಕ್ಕ, ಡಬ್ಲ್ಯು ಡಬ್ಲ್ಯು ಡಬ್ಲ್ಯು ಎಲ್ಲಿ?’ ಎಂದ. ಅವನ ಫೋನಿನಲ್ಲೇ ತೆರೆದು ತೋರಿಸಿದೆ. ನಂಬಿದ. ಆಮೇಲೆ ತನ್ನ ಕಂಪ್ಯೂಟರಿನಲ್ಲಿ ಯೂನಿಕೋಡ್ (ಎಲ್ಲ ಲಿಪಿಯ ಅಕ್ಷರಗಳನ್ನೂ ಯಂತ್ರ ಗುರುತಿಸುವ ಹಾಗೆ ಮಾಡಿದ ಪಟ್ಟಿ) ಅಲ್ಲದ ಹಳೆಯ ಫಾಂಟಿನಲ್ಲಿ ವಿಳಾಸ ಹೊಡೆದು, ಅದನ್ನೇ ಕಾಪಿ ಮಾಡಿ ಕ್ಯೂಆರ್ ಕೋಡ್ ತೆಗೆದ. ಕಾಗದದ ಮೇಲೆ ಚಂದದ ಕನ್ನಡ. ಕೋಡ್ ಒಳಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಐನೂರು ಸ್ಟಿಕ್ಕರ್ ದಂಡವಾಯಿತು. ಹಳೆಯ ಫಾಂಟುಗಳಲ್ಲಿ ಕನ್ನಡ ಬರೀ ಚಿತ್ರದ ಹಾಗೆ, ಅಕ್ಷರ ಯಾವುದು ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ನಮ್ಮ ಕಡೆ ಪ್ರೆಸ್ಸುಗಳಲ್ಲಿ ಈಗಲೂ ಇಂಥ ಫಾಂಟ್ ಜಾಸ್ತಿ. ದಯವಿಟ್ಟು ಕ್ಯೂಆರ್ ಕೋಡ್ ನೀವೇ ಮಾಡಿ, ಎರಡು ಫೋನಿನಲ್ಲಿ ತೆರೆದು ನೋಡಿ, ಆಮೇಲೆ ಪ್ರಿಂಟಿಗೆ ಕೊಡಿ.

ಎರಡನೆಯದು ಇನ್ನೂ ಬೇಸರದ್ದು. ಪಾರ್ಸೆಲ್ ಕಳಿಸುವ ಒಂದು ಕಂಪನಿಯ ಫಾರಂನಲ್ಲಿ ‘ನಿಮ್ಮ ವೆಬ್‌ಸೈಟ್’ ಎಂಬ ಜಾಗ ಇತ್ತು. ಕನ್ನಡದ ವಿಳಾಸ ಹಾಕಿದರೆ ‘ಸರಿಯಾದ ವಿಳಾಸ ಕೊಡಿ’ ಎಂದು ಕೆಂಪಗೆ ಬರುತ್ತದೆ. ಆನ್‌ಲೈನ್ ಹಣ ಪಡೆಯಲು ಹೋದಲ್ಲೂ ಅದೇ ಕಥೆ. ನನ್ನ ವಿಳಾಸ ಸರಿಯಾಗಿಯೇ ಇದೆ, ಲೋಕದ ಯಾವ ಮೂಲೆಯಿಂದ ಬೇಕಾದರೂ ತೆರೆಯುತ್ತದೆ. ಆ ಫಾರಂ ಬರೆದವರು ಮಾತ್ರ ವಿಳಾಸ ಎಂದರೆ ಇಂಗ್ಲಿಷ್ ಎಂದುಕೊಂಡಿದ್ದಾರೆ. ಸಹಾಯವಾಣಿಗೆ ಮೂರು ಸಲ ಫೋನ್ ಮಾಡಿದೆ. ‘ಇಂಗ್ಲಿಷ್ ವಿಳಾಸ ಇದ್ದರೆ ಕೊಡಿ ಮೇಡಂ’ ಎಂದರು. ಕೊನೆಗೆ ಇಂಗ್ಲಿಷಿನದ್ದನ್ನೂ ಒಂದು ತೆಗೆದುಕೊಂಡು, ಅದನ್ನು ಒತ್ತಿದರೆ ಕನ್ನಡದ ವಿಳಾಸವೇ ತೆರೆಯುವ ಹಾಗೆ ತಿರುಗಿಸಿಟ್ಟೆ. ಇ-ಮೇಲ್‌ಗೂ ಅದೇ ಬಳಸುತ್ತೇನೆ. ಬೇರೆ ಲಿಪಿಯ ಇ-ಮೇಲ್ ವಿಳಾಸಕ್ಕೆ ಜಾಗ ಕೊಡುವ ನಿಯಮ 2012ರಲ್ಲೇ ಬಂದಿದೆ. ಜಿಮೇಲ್ 2014ರಿಂದ ಅಂಥ ವಿಳಾಸಗಳಿಗೆ ಕಳಿಸುತ್ತದೆ, ಅವುಗಳಿಂದ ಪಡೆಯುತ್ತದೆ. ಆದರೆ ಫಾರಂಗಳು ಬದಲಾಗಬೇಕಲ್ವಾ? ಎಲ್ಲ ಲಿಪಿಯ ವಿಳಾಸವನ್ನೂ ಎಲ್ಲ ಕಡೆ ಒಪ್ಪಬೇಕು ಎಂದು ಒತ್ತಾಯಿಸಲು ಈಗ ಒಂದು ದಿನವೇ ಇದೆ. ಮೊದಲ ಸಲ ಆಚರಿಸಿದ್ದು 2023ರ ಮಾರ್ಚ್ 28ರಂದು.

ಇನ್ನೊಂದು ಸಣ್ಣ ಕಿರಿಕಿರಿ. ಬ್ರೌಸರಿನಿಂದ ವಿಳಾಸ ಕಾಪಿ ಮಾಡಿ ಗಿರಾಕಿಗೆ ಕಳಿಸಿದರೆ ಕನ್ನಡದ ಬದಲು ಆ ‘ಎಕ್ಸ್ ಎನ್’ ಸಾಲು ಹೋಗುತ್ತದೆ. ಒಬ್ಬರು ಮೋಸದ ಲಿಂಕ್ ಎಂದು ಹೆದರಿ ಫೋನ್ ಮಾಡಿದರು. ಕೈಯಾರೆ ಟೈಪ್ ಮಾಡಿಯೇ ಕಳಿಸಿ.

ಅವರು ಹೆದರಿದ್ದು ತಪ್ಪಲ್ಲ. 2017ರಲ್ಲಿ ಒಬ್ಬ ಸಂಶೋಧಕ ರಷ್ಯನ್ ಬರೆಯುವ ಸಿರಿಲಿಕ್ ಲಿಪಿಯ ಅಕ್ಷರಗಳಿಂದ ಆಪಲ್ ಕಂಪನಿಯ ವಿಳಾಸದ ಹಾಗೇ ಕಾಣುವ ವಿಳಾಸ ಮಾಡಿ ತೋರಿಸಿದ್ದ. ಕಣ್ಣಿಗೆ ವ್ಯತ್ಯಾಸವೇ ಇರಲಿಲ್ಲ. ನಮ್ಮಲ್ಲಿ ಕನ್ನಡ ಮತ್ತು ತೆಲುಗು ಹೀಗೇ. ಬ, ಜ, ಲ ಬರೆದು ನೋಡಿ, ಎರಡು ಲಿಪಿಯಲ್ಲೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಕನ್ನಡದಲ್ಲಿ ಒಬ್ಬರು ಹೆಸರು ತೆಗೆದುಕೊಂಡ ಮೇಲೆ ಅದೇ ರೂಪದ್ದನ್ನು ತೆಲುಗಿನಲ್ಲಿ ಇನ್ನೊಬ್ಬರು ತೆಗೆದುಕೊಳ್ಳಬಹುದೇ? ಚುಕ್ಕೆಯ ಬಲಗಡೆ ಬರುವ ತುದಿ ಹೆಸರುಗಳ ಮಟ್ಟಿಗೆ ಇದಕ್ಕೆ ಉತ್ತರ ಬರೆದದ್ದು ನವಬ್ರಾಹ್ಮಿ ಎಂಬ ಹೆಸರಿನ ಒಂದು ಸಮಿತಿ. ಲೋಕದ ವಿಳಾಸ ವ್ಯವಸ್ಥೆ ನೋಡಿಕೊಳ್ಳುವ ಐಕಾನ್ ಸಂಸ್ಥೆಯ ಕೆಳಗೆ, ಕನ್ನಡ, ತೆಲುಗು, ತಮಿಳು, ಮಲಯಾಳ ಸೇರಿ ಒಂಬತ್ತು ಲಿಪಿಗಳನ್ನು ಬಲ್ಲವರು ಕೂತು ಮಾಡಿದ ಕೆಲಸ ಅದು. ಕನ್ನಡದ ನಿಯಮ 2019ರಲ್ಲಿ ಬಂತು. ಹಾಗೇ ಕಾಣುವ ಹೆಸರು ಒಂದು ಲಿಪಿಯಲ್ಲಿ ಹೋದರೆ ಇನ್ನೊಂದರಲ್ಲಿ ಕೊಡುವಂತಿಲ್ಲ ಎಂದು ಎರಡು ಲಿಪಿಯ ನಡುವೆ ಒಪ್ಪಂದ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟಕಾರದ ಕೆಳಗೆ ವಕಾರ ಇಳಿಯದ ಹಾಗೆ ನಡುವೆ ಒಂದು ಕಾಣದ ಅಕ್ಷರ ಹಾಕುತ್ತೇವಲ್ಲ, ಅದಕ್ಕೆ ಈ ನಿಯಮದಲ್ಲಿ ಜಾಗ ಇಲ್ಲ. ಕಾಣದ್ದನ್ನು ಒಳಗೆ ಬಿಟ್ಟುಕೊಂಡರೆ ಮೋಸಕ್ಕೆ ದಾರಿಯಾಗುತ್ತದೆ ಎಂಬ ಎಚ್ಚರ.

ಇದನ್ನೆಲ್ಲ ಓದುವಾಗ ನನಗೆ ಅನಿಸಿದ್ದು, ರಾಜತಾಂತ್ರಿಕತೆ ಎಂದರೆ ದೆಹಲಿಯಲ್ಲಿ ಕೈ ಕುಲುಕುವುದು ಮಾತ್ರ ಅಲ್ಲ. ನನ್ನ ಅಮ್ಮನ ಹಪ್ಪಳದ ಸ್ಟಿಕ್ಕರ್ ಮೇಲೆ ಯಾವ ಅಕ್ಷರ ನಿಲ್ಲಬೇಕು ಎನ್ನುವುದೂ ಅಂಥ ಮಾತುಕತೆಯಲ್ಲೇ ತೀರ್ಮಾನವಾಗುತ್ತದೆ. ಐಕಾನ್ ಹುಟ್ಟಿದ್ದು 1998ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಅದರ ಮೇಲೆ ಅಮೆರಿಕ ಸರ್ಕಾರಕ್ಕಿದ್ದ ಹಿಡಿತ ಮುಗಿದದ್ದು 2016ರ ಅಕ್ಟೋಬರ್ 1ಕ್ಕೆ. ಆ ವರ್ಷ ನವೆಂಬರಿನಲ್ಲಿ ಅದರ ಸಭೆ ಹೈದರಾಬಾದಿನಲ್ಲೇ ನಡೆಯಿತು. ಅಲ್ಲಿ ಸರ್ಕಾರಗಳು, ಕಂಪನಿಗಳು, ಬಳಸುವವರು ಎಲ್ಲರಿಗೂ ಜಾಗ ಇದೆ. ನಿಯಮದ ಕರಡನ್ನು ಜನರ ಮುಂದೆ ಇಡುತ್ತಾರೆ, ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು. ಕನ್ನಡದ ನಿಯಮಕ್ಕೂ ಹಾಗೇ ಕೇಳಿದ್ದರು. ಆಗ ನನಗೆ ಗೊತ್ತೇ ಇರಲಿಲ್ಲ. ಕಾಗುಣಿತ ಚೆನ್ನಾಗಿ ಬಲ್ಲ ಎಷ್ಟೊಂದು ಮೇಷ್ಟ್ರುಗಳು ನಮ್ಮ ಜಿಲ್ಲೆಯಲ್ಲೇ ಇದ್ದಾರೆ.

ಭಾರತದ ಕಡೆಯಿಂದ ಈ ಹೆಸರುಗಳನ್ನು ನೋಡಿಕೊಳ್ಳುವುದು ನಿಕ್ಸಿ ಎಂಬ ಸಂಸ್ಥೆ. ದೇವನಾಗರಿಯ ‘ಭಾರತ’ 2014ರಲ್ಲಿ ಶುರುವಾಯಿತು, ಕನ್ನಡದ್ದು ಆಮೇಲೆ. ಈಗ ದೇಶಕ್ಕೆ ಇಂಥ ತುದಿ ಹೆಸರು 15 ಇವೆ. ತೆಲುಗಿನವರದ್ದು ‘ಭಾರತ್’, ಮಲಯಾಳದವರದ್ದು ‘ಭಾರತಂ’, ತಮಿಳರದ್ದು ‘ಇಂದಿಯಾ’. ಒಬ್ಬೊಬ್ಬರು ತಮ್ಮ ಬಾಯಲ್ಲಿ ಬರುವ ಹಾಗೇ ಇಟ್ಟುಕೊಂಡಿದ್ದಾರೆ, ನನಗೆ ಇದು ತುಂಬ ಇಷ್ಟವಾಯಿತು. ತುಳುವಿಗೆ ಬೇರೆ ತುದಿ ಇಲ್ಲ. ಆದರೆ ನಾವು ತುಳುವನ್ನು ಬರೆಯುವುದು ಕನ್ನಡ ಅಕ್ಷರದಲ್ಲೇ ತಾನೆ? ಹಾಗಾಗಿ ತುಳು ಹೆಸರನ್ನೂ ಇದೇ ‘.ಭಾರತ’ದ ಹಿಂದೆ ಬರೆಯಬಹುದು. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡಿಗೆ ಸೇರಿದೆ, ಮುಂದೊಂದು ದಿನ ಆ ಲಿಪಿಯಲ್ಲೂ ವಿಳಾಸ ನೋಡುವ ಆಸೆ ನನಗೆ.

ತೆಗೆದುಕೊಳ್ಳಬಹುದೇ? ನಿಮ್ಮ ಗಿರಾಕಿಗಳು ಕನ್ನಡ ಓದುವವರಾದರೆ ಖಂಡಿತ ತೆಗೆದುಕೊಳ್ಳಿ. ಜೊತೆಗೆ ಇಂಗ್ಲಿಷಿನದ್ದೂ ಒಂದು ಇರಲಿ, ಸದ್ಯಕ್ಕೆ ಅದು ಬೇಕೇ ಬೇಕು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಹೆಸರಿನ ತಪ್ಪಿಗಲ್ಲ, ಅದನ್ನು ಒಪ್ಪದ ಫಾರಂಗಳಿಗೆ.

ಮೊನ್ನೆ ಮುಂದಿನ ಎರಡು ವರ್ಷದ ಹಣ ಕಟ್ಟಿದೆ. ಪಾರ್ಸೆಲ್ ಕಂಪನಿಗೆ ನಾಲ್ಕನೇ ದೂರು ಬರೆದಿದ್ದೇನೆ, ಈ ಸಲ ಕನ್ನಡದಲ್ಲಿ. ಅಮ್ಮ ಮುಂಬೈಯ ಅತ್ತಿಗೆಗೆ ಫೋನಿನಲ್ಲಿ ವಿಳಾಸ ಹೇಳುತ್ತಿದ್ದರು: ‘ಹಪ್ಪಳದ ಪಕಾರಕ್ಕೆ ಒತ್ತು ಕೊಡು, ಆಮೇಲೆ ಚುಕ್ಕೆ, ಆಮೇಲೆ ಭಾರತ. ಮಹಾಪ್ರಾಣದ ಭಾ.’